ಅಜ್ಜನ ಪದಕಗಳನ್ನು ವಿಜಯ್ ದಿವಸ್‌ಗೆ ನಾನು ಹಾಕಿಕೊಳ್ಳಬಹುದಾ? ಇವು ಬರೀ "ಹಾಜರಿ ಪದಕ"ಗಳಾ?

ಬೈಲಹೊಂಗಲದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಬ್ಲೌಸ್, ಶಾಲೆ ಯೂನಿಫಾರ್ಮ್ ಹೊಲಿದುಕೊಡುತ್ತೇನೆ. ಮಿಲಿಟರಿ ವಿಷಯ ತಿಳಿದವರು ಇಲ್ಲಿದ್ದೀರಿ ಅಂತ ಗೊತ್ತಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ನಮ್ಮ ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸಿಪಾಯಿ ಆಗಿದ್ದರು. ಬೆಳಗಾವಿ ಸೆಂಟರ್‌ನಲ್ಲಿ ಭರ್ತಿ, ಒಂದನೇ ಪಲ್ಟನ್, 15 ವರ್ಷ ಸರ್ವಿಸ್. ಆಮೇಲೆ ಪೆನ್ಷನ್ ಮೇಲೆ ಊರಿಗೆ ಬಂದು ಜೋಳ, ಕಡಲೆ ಬೆಳೆದುಕೊಂಡಿದ್ದರು. ಅವರು ಹೋಗಿ ಆರು ವರ್ಷ ಆಯಿತು. ಅವರ ಟ್ರಂಕಿನಲ್ಲಿ ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದರಲ್ಲಿ ಐದು ಪದಕ. ಒಂದು ನಕ್ಷತ್ರದ ಆಕಾರದ್ದು, ಕಂಚಿನ ಬಣ್ಣ. ಉಳಿದವು ದುಂಡಗೆ, ಬೆಳ್ಳಿಯ ಹಾಗೆ ಕಾಣುತ್ತವೆ, ಆದರೆ ಬೆಳ್ಳಿ ಅಲ್ಲ. ಅಜ್ಜಿ ಇವಕ್ಕೆ "ಬಿಲ್ಲಿ" ಅಂತಾಳೆ. ಪ್ರತಿ ವರ್ಷ ಖಂಡೇಪೂಜೆ ದಿನ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕುಡಗೋಲು, ಕೊಡಲಿ, ನನ್ನ ಹೊಲಿಗೆ ಮಷಿನ್ನಿನ ಜೊತೆ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಾಳೆ.

ದುಂಡನೆಯ ಪದಕಗಳ ಅಂಚನ್ನು ಕಿಟಕಿ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಣ್ಣಗೆ ಕೆತ್ತಿದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಮೊದಲು 27ರಿಂದ ಶುರುವಾಗುವ ಏಳು ಅಂಕಿಯ ನಂಬರ್. ಆಮೇಲೆ "ಸೆಪ್" ಅಂತ, ಅಂದರೆ ಸಿಪಾಯಿ. ಆಮೇಲೆ ಅಜ್ಜನ ಹೆಸರು. ಒಂದರಲ್ಲಿ ಹುಣಸೆಹಣ್ಣಿನ ತಿಕ್ಕಾಟಕ್ಕೆ ಹೆಸರಿನ ಕೊನೆಯ ಎರಡು ಅಕ್ಷರ ಸವೆದುಹೋಗಿವೆ. ಬೆರಳಿಗೆ ಸಿಗುತ್ತವೆ, ಕಣ್ಣಿಗೆ ಸಿಗಲ್ಲ. ರಿಬ್ಬನ್‌ಗಳ ಬಣ್ಣ ಪೂರ್ತಿ ಮಾಸಿದೆ. ಒಂದಕ್ಕೆ ರಿಬ್ಬನ್ನೇ ಇಲ್ಲ. ಹಿಂದೆ ಯಾರೋ ಪ್ರದರ್ಶನಕ್ಕೆ ಅಂತ ಇಸಿದುಕೊಂಡು ಹೋಗಿದ್ದರು, ವಾಪಸ್ ಬಂದಾಗ ಬರೀ ಬಿಲ್ಲೆ ಬಂತು. ಅವತ್ತು ಅಜ್ಜ ಏನೂ ಅನ್ನಲಿಲ್ಲ. ಡಬ್ಬಿ ಮುಚ್ಚಿ ಒಳಗೆ ಇಟ್ಟುಬಿಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ 16ಕ್ಕೆ ವಿಜಯ್ ದಿವಸ್. ಮಾಜಿ ಸೈನಿಕರು ಹುತಾತ್ಮರ ಸ್ಮಾರಕಕ್ಕೆ ಹೂವಿನ ಗುಚ್ಛ ಇಡುವ ಕಾರ್ಯಕ್ರಮ ಇಟ್ಟಿದ್ದಾರೆ. 71ರ ಯುದ್ಧಕ್ಕೆ ಹೋದವರ ಮನೆಯವರನ್ನೂ ಕರೆದಿದ್ದಾರೆ. ಅಜ್ಜಿಗೆ ಮಂಡಿನೋವು, ಹಾಗಾಗಿ ನಾನು ಹೋಗಬೇಕು. ಪದಕ ಹಾಕಿಕೊಂಡು ಹೋಗೋಣ ಅಂತ ನನ್ನಾಸೆ. ಅದಕ್ಕೆ ನಮ್ಮ ದೊಡ್ಡಪ್ಪನ ಮಗ ಅಣ್ಣ ಹೇಳಿದ, "ಅವು ಶೌರ್ಯಕ್ಕೆ ಕೊಟ್ಟಿದ್ದಲ್ಲ, ಅಲ್ಲಿದ್ದ ಎಲ್ಲರಿಗೂ ಹಂಚಿದ್ದು. ಹಾಜರಿ ಪದಕ. ಅದನ್ನು ಎದೆಗೆ ಹಾಕಿಕೊಂಡು ಹೋದರೆ ಜನ ನಗ್ತಾರೆ." ಆ ಮಾತು ನನಗೆ ತುಂಬಾ ಚುಚ್ಚಿತು. ಅಜ್ಜಿ ಅಡುಗೆಮನೆಯಲ್ಲಿದ್ದಳು, ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ.

ಇವು ಯಾವ ಪದಕ? ಮನೆಯವರು ಹಾಕಿಕೊಳ್ಳಬಹುದಾ? ರಿಬ್ಬನ್ ನಾನೇ ಹೊಲಿಯಬಹುದಾ? ಇನ್ನೂ ಒಂದು. ಅಜ್ಜ ಒಂದೇ ಒಂದು ಯುದ್ಧದ ಕತೆ ಹೇಳುತ್ತಿದ್ದರು. ಜಮಾಲ್‌ಪುರ ಅನ್ನುವ ಊರನ್ನು ಸುತ್ತುವರಿದಾಗ "ಶರಣಾಗಿ" ಅಂತ ನಮ್ಮವರು ಕಾಗದ ಕಳಿಸಿದರಂತೆ, ಆ ಕಡೆಯವರು ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದರಂತೆ. ಮಕ್ಕಳಿಗೆ ಕಟ್ಟಿ ಹೇಳಿದ ಕತೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಿಜವಾ?

ನಾಲ್ಕು ಪದಕದ ಫೋಟೋ ಹಾಕಿದ್ದೇನೆ. ಐದನೆಯದು ಹೊಳೆದು ಫೋಟೋ ಸರಿ ಬರಲಿಲ್ಲ.

ಮಾಜಿ ಸುಬೇದಾರ್, ಹಾಸನ:

ತಾಯಿ, ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರ್ ದಳದಲ್ಲಿ ಇದ್ದವನು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರ್. 26 ವರ್ಷ ಸರ್ವಿಸ್. ನಿಮ್ಮ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ.

ಮೊದಲು ಕೊನೆಯ ಪ್ರಶ್ನೆ. ನಿಮ್ಮ ಅಜ್ಜ ಹೇಳಿದ್ದು ಅಕ್ಷರ ಅಕ್ಷರ ನಿಜ. 1971ರ ಡಿಸೆಂಬರ್‌ನಲ್ಲಿ ಒಂದನೇ ಮರಾಠಾ, ಅಂದರೆ ಜಂಗಿ ಪಲ್ಟನ್, ಮೇಘಾಲಯದ ಕಡೆಯಿಂದ ಇಳಿದು ಬ್ರಹ್ಮಪುತ್ರ ದಾಟಿ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ಹಿಂದಕ್ಕೆ ಹೋಗಿ ಕೂತಿತು. ಢಾಕಾಗೆ ಹೋಗುವ ದಾರಿಗೆ ಅಡ್ಡ. ಪಲ್ಟನ್‌ನ ಸಿಓ, ಅಂದರೆ ಕಮಾಂಡಿಂಗ್ ಆಫೀಸರ್, ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್. ಊರೊಳಗೆ ಪಾಕಿಸ್ತಾನದ 31 ಬಲೂಚ್ ಪಲ್ಟನ್ ಇತ್ತು. ನಮ್ಮ ಬ್ರಿಗೇಡಿಯರ್ ಹರ್‌ದೇವ್ ಸಿಂಗ್ ಕ್ಲೇರ್ ಶರಣಾಗಿ ಅಂತ ಕಾಗದ ಬರೆದು ಕಳಿಸಿದರು. ಬಲೂಚ್ ಪಲ್ಟನ್‌ನ ಸಿಓ ಸುಲ್ತಾನ್ ಅಹ್ಮದ್ ಉತ್ತರದ ಜೊತೆ ಒಂದು ಗುಂಡು ಇಟ್ಟು ವಾಪಸ್ ಕಳಿಸಿದ. 10ರ ರಾತ್ರಿ ಅವರು ಊರು ಬಿಟ್ಟು ನುಗ್ಗಿ ಬಂದದ್ದು ನೇರ ಮರಾಠರ ಟ್ರೆಂಚ್‌ಗಳ ಮೇಲೆ. ರಾತ್ರಿಯೆಲ್ಲ ನಡೆಯಿತು. 11ರ ಬೆಳಿಗ್ಗೆ ಜಮಾಲ್‌ಪುರ ನಮ್ಮ ಕೈಗೆ ಬಂತು. ಆ ಪಲ್ಟನ್‌ಗೆ "ಜಮಾಲ್‌ಪುರ" ಅನ್ನುವ ಬ್ಯಾಟಲ್ ಆನರ್, ಅಂದರೆ ಆ ಕದನಕ್ಕಾಗಿ ಇಡೀ ಪಲ್ಟನ್‌ಗೆ ಕೊಟ್ಟ ಗೌರವ, ಇದೆ. ಬ್ರಾರ್ ಸಾಹೇಬರಿಗೆ ವೀರ ಚಕ್ರ ಬಂತು. ನಿಮ್ಮ ಅಜ್ಜ ಆ ರಾತ್ರಿ ಆ ಟ್ರೆಂಚ್‌ನಲ್ಲಿದ್ದರು. ಮಕ್ಕಳಿಗೆ ಕಟ್ಟಿದ ಕತೆ ಅಲ್ಲ.

ಇನ್ನೊಂದು ಸಂಗತಿ ಸೇರಿಸುತ್ತೇನೆ. ಆ ಕಾಗದ ಹೊತ್ತುಕೊಂಡು ವೈರಿಗಳ ಪಾಳಯಕ್ಕೆ ಹೋದವನು ನಮ್ಮ ಜವಾನ ಅಲ್ಲ. ಜಹೂರುಲ್ ಹಕ್ ಮುನ್ಷಿ ಅಂತ ಅಲ್ಲಿಯದೇ ಮುಕ್ತಿವಾಹಿನಿ (ಬಾಂಗ್ಲಾದ ಸ್ವಾತಂತ್ರ್ಯಕ್ಕೆ ಹೋರಾಡಿದ ಪಡೆ) ಮನುಷ್ಯ. ಹೊಡೆತ ತಿಂದು ಉತ್ತರ ತಂದುಕೊಟ್ಟ. ಅವನಿಗೆ ಬಾಂಗ್ಲಾದೇಶ ಸರ್ಕಾರ ಬೀರ್ ಪ್ರತೀಕ್ ಅನ್ನುವ ಶೌರ್ಯ ಪದಕವನ್ನು ಎರಡು ಸಲ ಕೊಟ್ಟಿದೆ.

ಇನ್ನು ಡಬ್ಬಿ. ನಕ್ಷತ್ರದ್ದು ಪೂರ್ವಿ ಸ್ಟಾರ್. 71ರಲ್ಲಿ ಪೂರ್ವದ ಕಡೆ ಯುದ್ಧಭೂಮಿಯಲ್ಲಿ ಇದ್ದವರಿಗೆ. ಪಂಜಾಬ್, ರಾಜಸ್ಥಾನ, ಕಾಶ್ಮೀರದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್. ಎರಡನೆಯದು ಸಂಗ್ರಾಮ್ ಮೆಡಲ್, ಅದೂ 71ರದೇ. ಮೂರನೆಯದು ಸೈನ್ಯ ಸೇವಾ ಮೆಡಲ್. ಒಂದು ಬದಿ ಪರ್ವತ, ಅದರ ಮುಂದೆ ಬಿದಿರು ಕಾಣುತ್ತೆ ನೋಡಿ. ಅದರ ರಿಬ್ಬನ್ ಮೇಲೆ ಒಂದು ಲೋಹದ ಪಟ್ಟಿ ಇದೆಯಲ್ಲ, ಅದಕ್ಕೆ ಕ್ಲಾಸ್ಪ್ ಅಂತಾರೆ. ಅದರಲ್ಲಿ "ಹಿಮಾಲಯ" ಅಂತಿದೆ. ಅಂದರೆ ಯುದ್ಧ ಇಲ್ಲದ ಕಾಲದಲ್ಲೂ ಅಜ್ಜ ಹಿಮದ ಗುಡ್ಡಗಳ ಮೇಲೆ ಡ್ಯೂಟಿ ಮಾಡಿದ್ದಾರೆ. ನಾಲ್ಕನೆಯದು ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 1972ರ ಆಗಸ್ಟ್ 15ಕ್ಕೆ ಸರ್ವಿಸ್‌ನಲ್ಲಿದ್ದವರಿಗೆ. ಫೋಟೋ ಬರದ ಐದನೆಯದು, ನೀವು ಹೇಳಿದ ಸರ್ವಿಸ್ ಲೆಕ್ಕ ಹಾಕಿದರೆ, 9 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇರಬೇಕು. ಖಾತ್ರಿಗೆ ಅಜ್ಜನ ಡಿಸ್ಚಾರ್ಜ್ ಬುಕ್ ತೆಗೆದು ನೋಡಿ. ಅದರಲ್ಲಿ ಪದಕಗಳನ್ನೆಲ್ಲ ಬರೆದಿರುತ್ತಾರೆ. ನಾನು ಮೇಲೆ ಬರೆದ ಕ್ರಮವೇ ಹಾಕಿಕೊಳ್ಳುವ ಕ್ರಮ.

ಹಾಕಿಕೊಳ್ಳಬಹುದಾ? ಹಾಕಿಕೊಳ್ಳಬಹುದು. ಗಳಿಸಿದವನು ಎಡ ಎದೆಗೆ ಹಾಕಿಕೊಳ್ಳುತ್ತಾನೆ. ತೀರಿಹೋದ ಸೈನಿಕನ ಹತ್ತಿರದ ಬಂಧುಗಳು ಇಂಥ ಶ್ರದ್ಧಾಂಜಲಿ ಕಾರ್ಯಕ್ರಮಗಳಲ್ಲಿ ಬಲ ಎದೆಗೆ ಹಾಕಿಕೊಳ್ಳಲು ಸೇನೆಯೇ ಒಪ್ಪಿಗೆ ಕೊಟ್ಟಿದೆ. ಬಲಗಡೆ ನೋಡಿದ ಕೂಡಲೇ ತಿಳಿದವರಿಗೆ ಅರ್ಥ ಆಗುತ್ತೆ, ಇದು ಈಕೆಯದಲ್ಲ, ಈಕೆಯ ಮನೆಯವರದು ಅಂತ. ಅಜ್ಜಿಯ ಕೈಯಿಂದಲೇ ಹಾಕಿಸಿಕೊಂಡು ಹೋಗಿ. ಮೊದಲ ಹಕ್ಕು ಅವರದು.

ಹೊಲಿಗೆ ನೀವೇ ಮಾಡಿ. ರಿಬ್ಬನ್ ಅಗಲ 32 ಮಿಲಿಮೀಟರ್. ಬೆಳಗಾವಿ ಕ್ಯಾಂಪ್‌ನಲ್ಲಿ ಮಿಲಿಟರಿ ಡ್ರೆಸ್ ಹೊಲಿಯುವ ಅಂಗಡಿಗಳಲ್ಲಿ ಸಿಗುತ್ತೆ, ಪದಕದ ಹೆಸರು ಹೇಳಿದರೆ ಸಾಕು. ಒಳಗೆ ಗಟ್ಟಿ ಬಕ್ರಮ್ ಕೊಡಿ. ಪದಕ ತೂಗಾಡಬಾರದು, ಒಂದಕ್ಕೊಂದು ತಾಗಿ ಅಂಚು ಸವೆಯುತ್ತೆ. ರಿಬ್ಬನ್ನನ್ನು ಕೆಳಗಿನವರೆಗೆ ಇಳಿಸಿ, ಪದಕವನ್ನು ಅದರ ಮೇಲೆ ಕೂರಿಸಿ ಹೊಲಿಯಿರಿ. ಐದರ ಕೆಳಗಿನ ಅಂಚೂ ಒಂದೇ ಗೆರೆಯಲ್ಲಿ ಬರಬೇಕು. ಮತ್ತೆ ದಯವಿಟ್ಟು ಅಜ್ಜಿಗೆ ಹೇಳಿ, ಹುಣಸೆಹಣ್ಣು ಬೇಡ. ಬ್ರಾಸೋನೂ ಬೇಡ. ಒಣ ಹತ್ತಿ ಬಟ್ಟೆ ಸಾಕು. ಬಣ್ಣ ಕಪ್ಪಾದರೆ ಆಗಲಿ, ಹೆಸರು ಉಳಿಯಬೇಕು.

ಆ ಏಳು ಅಂಕಿ ನಂಬರ್ 27ರಿಂದ ಶುರುವಾಗಿದ್ದರೆ ಮರಾಠಾ. ನಮ್ಮಲ್ಲಿ ಹೆಂಡತಿ ಮಕ್ಕಳ ಹುಟ್ಟಿದ ದಿನ ಮರೆತವರಿದ್ದಾರೆ, ಆ ನಂಬರ್ ಮರೆತವರಿಲ್ಲ.

ಹುಬ್ಬಳ್ಳಿ ಓದುಗ:

ಅಕ್ಕಾ, ನಿಮ್ಮ ಅಜ್ಜನ ಬಗ್ಗೆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ಅಣ್ಣ ಆಡಿದ ಮಾತು ಒರಟು. ಆದರೆ ಅದರೊಳಗಿನ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಪರಮ ವೀರ ಚಕ್ರ ಇವತ್ತಿಗೂ ಯಾಕೆ ಮೈ ಜುಮ್ಮೆನ್ನಿಸುತ್ತೆ? 1947ರಿಂದ ಇಲ್ಲಿವರೆಗೆ ಬರೀ 21 ಜನಕ್ಕೆ ಬಂದಿದೆ. ಅದರಲ್ಲಿ 14 ಜನ ಅದನ್ನು ನೋಡಲು ಬದುಕಿರಲಿಲ್ಲ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಬಂದು 2016ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರಿಗೆ ಮರಣೋತ್ತರ ಸೇನಾ ಪದಕ ಬಂದಾಗ ಇಡೀ ಜಿಲ್ಲೆಗೆ ಅದು ತಮ್ಮ ಮನೆಗೇ ಬಂದ ಹಾಗೆ ಅನ್ನಿಸಿತು. ಅದು ಅವರ ಹೆಸರಿಗೇ ಅಂತ ಬಂದದ್ದು, ಅದಕ್ಕೆ ಆ ತೂಕ.

ಸರ್ಕಾರಕ್ಕೂ ಇದು ಗೊತ್ತಿದೆ. ಪದ್ಮ ಪ್ರಶಸ್ತಿ ಶುರುವಾಗಿದ್ದು 1954ರಲ್ಲಿ. 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅದನ್ನು ನಿಲ್ಲಿಸಿತು, 1980ರಲ್ಲಿ ಮತ್ತೆ ಶುರುವಾಯಿತು. 1995ರಲ್ಲಿ ಸುಪ್ರೀಂ ಕೋರ್ಟ್, ಇದು ಬಿರುದು ಅಲ್ಲ, ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳಬೇಡಿ ಅಂತ ಹೇಳಿತು. ವರ್ಷಕ್ಕೆ 120ಕ್ಕಿಂತ ಜಾಸ್ತಿ ಕೊಡಬಾರದು ಅಂತ ಮಿತಿಯೂ ಇದೆ. ಮರಣೋತ್ತರ ಮತ್ತೆ ಹೊರದೇಶದವರಿಗೆ ಕೊಡುವುದು ಅದರಲ್ಲಿ ಸೇರಲ್ಲ. ಎಲ್ಲರಿಗೂ ಕೊಟ್ಟರೆ ಯಾರಿಗೂ ಕೊಟ್ಟ ಹಾಗಾಗಲ್ಲ ಅನ್ನುವ ಭಯ ತಾನೇ ಇದರ ಹಿಂದೆ ಇರುವುದು?

ನೀವು ಹಾಕಿಕೊಂಡು ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ, ಅಷ್ಟೇ.

ಕೊಡಗಿನ ಮೇಷ್ಟ್ರು:

ಹುಬ್ಬಳ್ಳಿಯವರ ಮಾತಿಗೆ ನಮ್ಮ ಊರಿನ ಒಂದು ಉದಾಹರಣೆ ಇಡುತ್ತೇನೆ. ನಾನು 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದೆ. ಪ್ರತಿ ಸೆಪ್ಟೆಂಬರ್ 7ಕ್ಕೆ ಮಕ್ಕಳಿಗೆ ಇದನ್ನು ಹೇಳುತ್ತಿದ್ದೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿ ಮಾಡಿತು. ದೇವಯ್ಯ ಹೋಗಬೇಕಾದವರ ಪಟ್ಟಿಯಲ್ಲಿ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಅಂತ ಕಾದು ನಿಂತವರು. ಜಾಗ ಸಿಕ್ಕಿತು, ಹೋದರು. ಅವರದು ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ದೇವಯ್ಯ ಅವರ ವಿಮಾನಕ್ಕೆ ಪೆಟ್ಟಾಯಿತು. ಆದರೂ ತಿರುಗಿ ನಿಂತು ಸ್ಟಾರ್‌ಫೈಟರನ್ನು ಹೊಡೆದು ಬೀಳಿಸಿದರು. ಅದರ ಪೈಲಟ್ ಹಾರಿಕೊಂಡು ಬದುಕಿದ. ದೇವಯ್ಯ ವಾಪಸ್ ಬರಲಿಲ್ಲ.

ಈಗ ನೋಡಿ. ಅವರು ಮಾಡಿದ್ದನ್ನು ನಮ್ಮವರು ಯಾರೂ ಕಣ್ಣಾರೆ ನೋಡಲಿಲ್ಲ. ಜೊತೆಗೆ ಹೋದವರು ದಾಳಿ ಮುಗಿಸಿ ಮರಳುತ್ತಿದ್ದರು. ಹಾಗಾಗಿ ದಾಖಲೆಯಲ್ಲಿ ಉಳಿದದ್ದು ಒಂದೇ ಮಾತು, ಕಾಣೆಯಾಗಿದ್ದಾರೆ. ಮನೆಯವರಿಗೂ ಅಷ್ಟೇ ಗೊತ್ತು. ಎಷ್ಟೋ ವರ್ಷ ಆದ ಮೇಲೆ ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರ ಬರೆದಾಗ ಆ ದಿನ ಒಂದು ಮಿಸ್ಟೇರ್ ತಮ್ಮ ಸ್ಟಾರ್‌ಫೈಟರನ್ನು ಉರುಳಿಸಿತ್ತು ಅನ್ನುವುದು ಹೊರಗೆ ಬಂತು. ದೇವಯ್ಯ ಅವರ ಕಮಾಂಡಿಂಗ್ ಆಫೀಸರ್ ಆಗಿದ್ದ ತನೇಜಾ ಅವರು ಹಿಂದೆ ಬಿದ್ದು ಪತ್ರ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. 23 ವರ್ಷ! ಅವರ ಧೈರ್ಯಕ್ಕೆ ಸಾಕ್ಷಿ ಸಿಕ್ಕಿದ್ದು ವೈರಿಯ ಕಡೆಯಿಂದ.

ಶೌರ್ಯದ ಪದಕಕ್ಕೆ ಧೈರ್ಯ ಒಂದೇ ಸಾಲದು. ನೋಡಿದವರು ಬೇಕು, ನೋಡಿದವರು ಬದುಕಿರಬೇಕು, ಬದುಕಿದವರು ಬರೆಯಬೇಕು, ಬರೆದದ್ದನ್ನು ಮೇಲಿನವರು ಒಪ್ಪಬೇಕು. ಜಮಾಲ್‌ಪುರದ ಆ ರಾತ್ರಿ ಕತ್ತಲಲ್ಲಿ ಒಂದೊಂದು ಟ್ರೆಂಚ್‌ನಲ್ಲಿ ಏನೇನು ನಡೆಯಿತೋ ಯಾರು ನೋಡಿದ್ದಾರೆ? ಪಕ್ಕದಲ್ಲಿದ್ದವನು ಸತ್ತಿದ್ದರೆ ಹೇಳುವವರು ಯಾರು? ಆ ನಕ್ಷತ್ರದ ಪದಕ ಇದೆಯಲ್ಲ, ಯಾರೂ ನೋಡದೆ ಹೋದದ್ದಕ್ಕೂ ಸೇರಿಸಿ ಕೊಟ್ಟದ್ದು ಅಂತ ನಾನು ತಿಳಿದಿದ್ದೇನೆ.

ನಿಮ್ಮ ಅಜ್ಜ ಹೋರಾಡಿದ ಸೀಮೆಯದೇ ಇನ್ನೊಂದು ಸಂಗತಿ. ಬಾಂಗ್ಲಾದೇಶ 1973ರ ಡಿಸೆಂಬರ್‌ನಲ್ಲಿ ತನ್ನ ಶೌರ್ಯ ಪದಕಗಳ ಪಟ್ಟಿ ಹೊರಡಿಸಿತು. ಒಟ್ಟು 676. ಅದರಲ್ಲಿ ಇಬ್ಬರೇ ಹೆಂಗಸರು. ಒಬ್ಬಾಕೆ ಡಾಕ್ಟರ್, ಕ್ಯಾಪ್ಟನ್ ಸಿತಾರಾ ಬೇಗಂ. ಇನ್ನೊಬ್ಬಾಕೆ ತಾರಾಮನ್ ಬೀಬಿ, ಕುಡಿಗ್ರಾಮದ ಬಡವರ ಮಗಳು. ಮುಕ್ತಿವಾಹಿನಿ ಶಿಬಿರಕ್ಕೆ ಅಡುಗೆ ಮಾಡಲು ಬಂದ ಚಿಕ್ಕ ಹುಡುಗಿ ಬಂದೂಕು ಹಿಡಿಯಲು ಕಲಿತು ಹೋರಾಡಿದಳು. ತನ್ನ ಹೆಸರು ಪಟ್ಟಿಯಲ್ಲಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದವರಿಗೆ ಅವಳು ಸಿಕ್ಕಿದ್ದು 1995ರಲ್ಲಿ. ಅದೇ ಡಿಸೆಂಬರ್‌ನಲ್ಲಿ ಪದಕ ಅವಳ ಕೈಗೆ ಬಂತು. ಪಟ್ಟಿಯಲ್ಲಿ ಹೆಸರಿದ್ದೂ 22 ವರ್ಷ.

ಮಡಿಕೇರಿಗೆ ಬಂದರೆ ದೇವಯ್ಯ ಅವರ ಪ್ರತಿಮೆ ನೋಡಿಕೊಂಡು ಹೋಗಿ.

ನೇತ್ರಾವತಿ ದಂಡೆಯವನು:

ಮೇಷ್ಟ್ರು ಹೇಳಿದ್ದು ಪದ್ಮಕ್ಕೂ ಹೊಂದುತ್ತೆ. ನಮ್ಮ ಹರೇಕಳದ ಹಾಜಬ್ಬ ಅವರನ್ನು ನಾನು ಮಂಗಳೂರಿನಲ್ಲಿ ಕಿತ್ತಳೆ ಬುಟ್ಟಿ ಹೊತ್ತುಕೊಂಡು ಓಡಾಡುವಾಗಲೇ ನೋಡಿದ್ದೇನೆ. ಯಾರೋ ವಿದೇಶಿಯರು ಇಂಗ್ಲಿಷ್‌ನಲ್ಲಿ ಬೆಲೆ ಕೇಳಿದಾಗ ಉತ್ತರಿಸಲು ಆಗಲಿಲ್ಲ ಅನ್ನುವ ನೋವಿಗೆ ಊರಿನ ಮಕ್ಕಳಿಗೆ ಶಾಲೆ ಕಟ್ಟಿಸಿದ ಮನುಷ್ಯ. ದಿಲ್ಲಿಯ ಯಾವ ಕಚೇರಿಗೆ ಅದು ತಾನಾಗಿ ಕಾಣುತ್ತೆ ಹೇಳಿ? ಇಲ್ಲಿನ ಪತ್ರಕರ್ತರು ಬರೆದರು, ಜನ ಮಾತಾಡಿದರು, ಅದಾದ ಮೇಲೆ 2020ರ ಪಟ್ಟಿಯಲ್ಲಿ ಹೆಸರು ಬಂತು. ಅಂಕೋಲಾದ ತುಳಸಿ ಗೌಡ ಅವರ ಹೆಸರೂ ಅದೇ ವರ್ಷದ್ದು. ಕೊರೋನಾದಿಂದ ತಡವಾಗಿ 2021ರ ನವೆಂಬರ್ 8ಕ್ಕೆ ಪ್ರದಾನ ಆಯಿತು. ತುಳಸಜ್ಜಿ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದು ಹೋದದ್ದನ್ನು ನಾನು ಟಿವಿಯಲ್ಲಿ ನಿಂತುಕೊಂಡೇ ನೋಡಿದೆ.

ಪದ್ಮಕ್ಕೆ ದುಡ್ಡಿಲ್ಲ. ರೈಲು, ವಿಮಾನದ ರಿಯಾಯಿತಿಯೂ ಇಲ್ಲ. ರಾಷ್ಟ್ರಪತಿ ಸಹಿ ಮಾಡಿದ ಸನದು ಮತ್ತು ಪದಕ, ಅಷ್ಟೇ. ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಆನ್‌ಲೈನ್‌ನಲ್ಲಿ ಕಳಿಸಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೆದೆ. ನಿಮ್ಮ ಊರಲ್ಲಿ ಅಂಥವರು ಇದ್ದರೆ ಕೂತು ಬರೆದು ಕಳಿಸಿ.

ಮಾಜಿ ಸುಬೇದಾರ್, ಹಾಸನ:

ಹುಬ್ಬಳ್ಳಿ ಸರ್, ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ತಕ್ಕಡಿ ಬೇರೆಯೇ. ಸೇನೆ ಕೂಡ ಬೇರೆಯೇ ಇಟ್ಟಿದೆ. ವೀರ ಚಕ್ರಕ್ಕೆ 2017ರಲ್ಲಿ ತಿಂಗಳ ಭತ್ಯೆ 7,000 ರೂಪಾಯಿ ಮಾಡಿದರು, ಪರಮ ವೀರ ಚಕ್ರಕ್ಕೆ 20,000. ಪೂರ್ವಿ ಸ್ಟಾರ್‌ಗೆ ಒಂದು ರೂಪಾಯಿ ಇಲ್ಲ. ಯಾವ ಪದಕ ಮುಂದೆ, ಯಾವುದು ಹಿಂದೆ ಅನ್ನುವ ಕ್ರಮವೂ ಇದೆ. ಭಾರತ ರತ್ನ, ಪರಮ ವೀರ ಚಕ್ರ, ಅಶೋಕ ಚಕ್ರದಿಂದ ಶುರುವಾಗುತ್ತೆ. ಅದೇ ಸಾಲಿನಲ್ಲಿ ಮಹಾವೀರ ಚಕ್ರ, ಕೀರ್ತಿ ಚಕ್ರ ಆದ ಮೇಲೆ ಪದ್ಮಶ್ರೀ ಬರುತ್ತೆ, ವೀರ ಚಕ್ರ ಅದಕ್ಕೂ ಕೆಳಗೆ. ಸೈನಿಕರು, ನಾಗರಿಕರು ಎಲ್ಲರೂ ಒಂದೇ ಸಾಲು. ನಿಮ್ಮ ಅಜ್ಜನ ಐದೂ ಆ ಸಾಲಿನ ತುಂಬಾ ಕೆಳಗೆ ಇವೆ, ತಾಯಿ. ಆದರೆ ಆ ಸಾಲಿನಲ್ಲಿಯೇ ಇವೆ.

"ಹಾಜರಿ" ಅನ್ನುವ ಮಾತಿಗೆ ಮಾತ್ರ ಒಂದು ಹೇಳುತ್ತೇನೆ. ಶಾಲೆಯ ಹಾಜರಿ ಬೇರೆ. ನಾವು ಸ್ಯಾಪರ್‌ಗಳು ಮೈನ್ ತೆಗೆಯುವಾಗ ಮುಂದಿನವನು ನೆಲ ಚುಚ್ಚುತ್ತಾ ಹೋಗುತ್ತಾನೆ, ಹಿಂದಿನವನು ಬಿಳಿ ಪಟ್ಟಿ ಹಾಸುತ್ತಾ ಬರುತ್ತಾನೆ. ಹಿಂದಿನವನು ಏನೂ ಮಾಡಿಲ್ಲ ಅಂತ ಹೊರಗಿನವರಿಗೆ ಅನ್ನಿಸುತ್ತೆ. ಅವನು ಅಲ್ಲಿ ಇದ್ದ. ಓಡಿಹೋಗಲಿಲ್ಲ. ಮುಂದಿನವನಿಗೆ ಅಷ್ಟು ಸಾಕು.

ಬೈಲಹೊಂಗಲದ ಮೊಮ್ಮಗಳು:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ಕಾರ್ಯಕ್ರಮ ಮುಗಿಯಿತು. ಏನಾಯಿತು ಅಂತ ಹೇಳಲೇಬೇಕು ಅನ್ನಿಸಿತು.

ಡಿಸ್ಚಾರ್ಜ್ ಬುಕ್ ಸಿಕ್ಕಿತು, ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರ್ ಕೆಳಗೆ. ಸುಬೇದಾರ್ ಸರ್ ಹೇಳಿದ ಐದೂ ಅದರಲ್ಲಿ ಕೈಬರಹದಲ್ಲಿ ಇವೆ. ಹೋದ ವಾರ ಬಸ್ಸಿನಲ್ಲಿ ಬೆಳಗಾವಿ ಕ್ಯಾಂಪ್‌ಗೆ ಹೋಗಿ ರಿಬ್ಬನ್ ತಂದೆ. ಅಂಗಡಿಯವರು ಪದಕದ ಹೆಸರು ಕೇಳಿದ ಕೂಡಲೇ ಪೂರ್ವಿ ಸ್ಟಾರ್‌ನದ್ದು ಒಳಗಿಂದ ಹುಡುಕಿ ತಂದರು, "ಇದನ್ನು ಕೇಳಿಕೊಂಡು ಬರುವವರು ಈಗ ಕಡಿಮೆ" ಅಂದರು. ಹೊಲಿಯಲು ಎರಡು ರಾತ್ರಿ ಬೇಕಾಯಿತು. ಬಕ್ರಮ್ ಎರಡು ಪದರ ಕೊಟ್ಟೆ. ಮೊದಲ ಸಲ ನಕ್ಷತ್ರ ಎರಡು ಎಳೆಯಷ್ಟು ಕೆಳಗೆ ಬಂತು, ಬಿಚ್ಚಿ ಮತ್ತೆ ಹೊಲಿದೆ. ಹಳೇ ರಿಬ್ಬನ್‌ಗಳನ್ನು ಎಸೆದಿಲ್ಲ. ಮಡಚಿದ್ದ ಕಡೆ ಒಳಗೆ ಇನ್ನೂ ಮೊದಲಿನ ಬಣ್ಣ ಇತ್ತು.

ಮೇಷ್ಟ್ರು ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. ತಾರಾಮನ್ ಬೀಬಿ ವಿಷಯ ಬಂದಾಗ "ಅಕಿಗೆ ಮಕ್ಕಳದಾರೇನು?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದು, ಅಜ್ಜ ಡಿಸೆಂಬರ್ ಚಳಿಯಲ್ಲಿ ರಾತ್ರಿ ಎದ್ದು ಅಂಗಳದಲ್ಲಿ ಕೂರುತ್ತಿದ್ದರು, ಕರೆದರೂ ಒಳಗೆ ಬರುತ್ತಿರಲಿಲ್ಲ ಅಂದಳು. ಇಷ್ಟು ವರ್ಷದಲ್ಲಿ ಇದನ್ನು ಅವಳು ನಮಗೆ ಯಾರಿಗೂ ಹೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಅವಳೇ ನನ್ನ ಸೀರೆಯ ಬಲಗಡೆ ಪಿನ್ ಹಾಕಿದಳು. ಕೈ ನಡುಗುತ್ತಿತ್ತು, ಎರಡು ಸಲ ತಪ್ಪಿತು. ನನ್ನನ್ನು ಬೈಕ್ ಮೇಲೆ ಕರೆದುಕೊಂಡು ಹೋದದ್ದು ಅಣ್ಣನೇ. ಈ ಪುಟವನ್ನು ಅವನಿಗೂ ಕಳಿಸಿದ್ದೆ. ಓದಿದೆ ಅಂತ ಹೇಳಲಿಲ್ಲ. ದಾರಿಯಲ್ಲಿ ಗುಂಡಿ ಬಂದ ಕಡೆಯೆಲ್ಲ ನಿಧಾನ ಮಾಡಿ, "ಪದಕ ಹಿಡ್ಕೋ" ಅಂತ ಹೇಳುತ್ತಿದ್ದ.

ಅಲ್ಲಿ ಯಾರೂ ನಗಲಿಲ್ಲ. ಹೂವು ಇಟ್ಟು ಈಚೆಗೆ ಬಂದಾಗ ಒಬ್ಬ ವಯಸ್ಸಾದವರು ಕೋಲು ಊರಿಕೊಂಡು ಹತ್ತಿರ ಬಂದರು. ಅವರ ಎಡ ಎದೆ ಮೇಲೂ ಅದೇ ನಕ್ಷತ್ರ. "ಯಾವ ಪಲ್ಟನ್?" ಅಂದರು. ಒಂದನೇದು ಅಂದೆ. ಕೇಳದೆಯೇ ಸಂಗ್ರಾಮ್ ಮೆಡಲಿನ ಅಂಚನ್ನು ಬೆರಳಿಂದ ಹಿಡಿದು, ಬಿಸಿಲಿಗೆ ತಿರುಗಿಸಿ ನಂಬರ್ ಓದಿದರು. ಅಕ್ಷರ ಸವೆದಿರುವುದು ಅದರಲ್ಲೇ. ಅವರು ಅಲ್ಲಿ ತಡೆಯಲಿಲ್ಲ, ಅಜ್ಜನ ಹೆಸರನ್ನು ಪೂರ್ತಿ ಹೇಳಿದರು. ಆಮೇಲೆ ನೆಟ್ಟಗೆ ನಿಂತು ತಮ್ಮ ನಂಬರನ್ನು ಒಂದೇ ಉಸಿರಿನಲ್ಲಿ ಹೇಳಿದರು. ಅಜ್ಜನದಕ್ಕೂ ಅದಕ್ಕೂ ಇದ್ದದ್ದು ಹದಿನಾರರ ವ್ಯತ್ಯಾಸ. ಒಂದೇ ವಾರದಲ್ಲಿ ಭರ್ತಿಯಾದವರು.

ಸಂಕ್ರಾಂತಿ ಆದ ಮೇಲೆ ನಮ್ಮ ಮನೆಗೆ ಬರುತ್ತೇನೆ ಅಂದಿದ್ದಾರೆ. ಅಜ್ಜಿ ಈಗಲೇ ಏನು ಅಡುಗೆ ಅಂತ ಕೇಳುತ್ತಿದ್ದಾಳೆ. ಡಬ್ಬಿಯೊಳಗೆ ಹತ್ತಿ ಬಟ್ಟೆ ಹಾಸಿದ್ದೇವೆ. ಹುಣಸೆಹಣ್ಣು ಬೇಡ ಅನ್ನುವುದಕ್ಕೆ ಅಜ್ಜಿ ಒಪ್ಪಿದ್ದಾಳೆ, ಕುಂಕುಮ ಮಾತ್ರ ಬಿಡಲ್ಲ ಅಂದಿದ್ದಾಳೆ. ಸುಬೇದಾರ್ ಸರ್, ಕುಂಕುಮದಿಂದ ಏನೂ ತೊಂದರೆ ಇಲ್ಲ ಅಲ್ವಾ?